ಎಮ್ಮೆ ತುಪ್ಪ ತಿನ್ನುವುದಿಲ್ಲ

ಸುದ್ದಿ ತಿಳಿದ ದಿನ ಅಮರಗುಂಡಪ್ಪನವರು ಮಸ್ಕಿಯ ದೊಡ್ಡ ದಾರಿಯ ಮಗ್ಗುಲಲ್ಲಿ, ಬೇವಿನ ಮರದ ಕೆಳಗೆ, ಸಿಂಧನೂರಿಗೆ ಹೋಗುವ ಮೋಟಾರಿಗಾಗಿ ಕಾಯುತ್ತ ನಿಂತಿದ್ದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬುತ್ತಿಯ ಗಂಟು. ಬುತ್ತಿಯಲ್ಲಿ ಜೋಳದ ರೊಟ್ಟಿ, ಒಗ್ಗರಣೆ ಹಾಕದ ಬೇಳೆಪಲ್ಯ. ಎಣ್ಣೆಯ ಹನಿಯೂ ಸೋಕಬಾರದೆಂದು ಹೆಂಡತಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮಾಡಿಸಿಕೊಂಡು ಬಂದಿದ್ದರು. ಅವರ ತಂಗಿಯ ಮಗಳು ಸಂಗಮ್ಮನಿಗಾಗಿ ಕಟ್ಟಿಸಿದ ಬುತ್ತಿ ಅದು. ತಂಗಿ ತೀರಿಹೋದ ಮೇಲೆ ಆ ಕೂಸು ಇವರ ಎಣ್ಣೆಯಂಗಡಿಯ ಕಟ್ಟೆಯ ಮೇಲೆ ಆಡಿ ಬೆಳೆದದ್ದು, ಇವರೇ ಮುಂದೆ ನಿಂತು ಸಿಂಧನೂರಿಗೆ ಮದುವೆ ಮಾಡಿಕೊಟ್ಟದ್ದು. ಇವತ್ತು ಅವಳನ್ನು ಗಂಡನ ಮನೆಯಿಂದ ಕರೆದುಕೊಂಡು ಲಿಂಗಸೂಗೂರಿನ ದವಾಖಾನೆಗೆ ಹೋಗಿ ಸೂಜಿ ಹಾಕಿಸಬೇಕು. ಮಳೆಗಾಲ ಶುರುವಾದಾಗಿನಿಂದಲೂ ಒಂದಿಲ್ಲೊಂದು ನೆವದಿಂದ ತಪ್ಪುತ್ತ ಬಂದ ಕೆಲಸ. ಇವತ್ತು ಬೀಗತಿ ಹೊಸ್ತಿಲಿಗೆ ಅಡ್ಡ ಕುಳಿತರೂ ದಾಟಿ ಕರೆತರುವುದೇ ಎಂದು ಹಲ್ಲು ಕಚ್ಚಿ ಹೊರಟಿದ್ದರು.

ಮೋಟಾರು ಬರಲಿಲ್ಲ. ಸಿಂಧನೂರಿನ ಕಡೆಯಿಂದ ಒಂದು ಲಾರಿ ಬಂತು. ಜವಳಗೇರಿಯ ಹತ್ತಿರ ಹೊಸ ಕಾಲುವೆಯ ಕೆಲಸಕ್ಕೆ ಕಲ್ಲು ಹೇರುವ ಲಾರಿ. ಅದು ಇವರನ್ನು ದಾಟಿ ಮುಂದೆ ಹೋಗಿ ನಿಂತಿತು. ಹಿಂದಿನಿಂದ ಸೂಗಪ್ಪ ಇಳಿದ. ಸಂಗಮ್ಮನ ಗಂಡ. ಅವನ ಅಂಗಿಯ ಎದೆಯೆಲ್ಲ ಕೆಂಪಾಗಿ, ಒಣಗಿ, ಕಪ್ಪಾಗಿತ್ತು.

"ಮಾವಾರ," ಎಂದ. ಲಾರಿಯ ಹಿಂಭಾಗದ ಕಡೆ ಕೈ ತೋರಿಸಿದ.

ಡ್ರೈವರ್ ಅಲ್ಲಾಭಕ್ಷ್ ಕೆಳಗಿಳಿದು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಹಿರೇರ, ಹಳ್ಳ ದಾಟೂತನಕ ಉಸಿರಿತ್ತು. ನಾ ಕೇಳಿಸ್ಕೊಂಡೀನಿ. ನೀರು ಕೇಳಿದ್ಲು. ದಾಟಿ ಮ್ಯಾಲ ಬಂದ ಮ್ಯಾಲ ಕೇಳಲಿಲ್ಲ."

ಅಮರಗುಂಡಪ್ಪನವರು ಲಾರಿಯ ಹಿಂದಿನ ಹಲಗೆ ಹಿಡಿದು ಮೇಲೆ ಹತ್ತಿದರು. ಕಲ್ಲಿನ ಪುಡಿಯ ಮೇಲೆ ಕೌದಿ ಹಾಸಿದ್ದರು. ಸಂಗಮ್ಮನ ತಲೆ ಅವಳ ಅತ್ತೆ ವೀರಭದ್ರಮ್ಮನ ತೊಡೆಯ ಮೇಲಿತ್ತು. ಬಲಗಿವಿಗೆ ಬಟ್ಟೆ ಸುತ್ತಿದ್ದರು. ಬಟ್ಟೆ ತೊಯ್ದಿತ್ತು. ಬಾಯಿಯ ಅಂಚಿನಲ್ಲಿಯೂ ರಕ್ತ. ಕೈ ಮುಟ್ಟಿ ನೋಡಿದರು. ತಣ್ಣಗಿತ್ತು. ಎದೆಯ ಮೇಲಿನ ಲಿಂಗದ ವಸ್ತ್ರ ಅಲುಗುತ್ತಿರಲಿಲ್ಲ.

"ನಡೀರಿ, ದವಾಖಾನಿಗೆ ಹೋಗೂನು. ಇನ್ನೇನು ಲಿಂಗಸೂಗೂರು ಬಂತು," ಎಂದಳು ವೀರಭದ್ರಮ್ಮ.

ಅಮರಗುಂಡಪ್ಪನವರು ತೊಯ್ದ ಬಟ್ಟೆಯನ್ನೇ ನೋಡುತ್ತಿದ್ದರು. "ಕಿವಿಗೆ ಏನಾಗೇತಿ?" ಎಂದು ಕೇಳಿದರು.

"ಬುಗುಡಿ ಚುಚ್ಚಿಸಿದ್ವಿ," ಎಂದ ಸೂಗಪ್ಪ ಕೆಳಗಿನಿಂದ. "ಮೊನ್ನಿ ಚುಚ್ಚಿಸಿದ್ದು. ರಕ್ತ ನಿಲ್ಲಲೇ ಇಲ್ರಿ. ನಿನ್ನಿ ಸಂಜಿಗೆ ಬಾಯಾಗಿಂದೂ ಬರಾಕ ಹತ್ತಿತು."

ಅಳು ಬರುವುದಕ್ಕಿಂತ ಮೊದಲು ಅಮರಗುಂಡಪ್ಪನವರಿಗೆ ಸಿಟ್ಟು ಬಂತು. ಮಸ್ಕಿಯ ಗುಡ್ಡದ ಮೇಲಿನ ಮಲ್ಲಯ್ಯನ ಗುಡಿ ಅಲ್ಲಿಂದ ಕಾಣುತ್ತದೆ. ಅದರ ಕಡೆ ಒಮ್ಮೆ ತಿರುಗಿ ನೋಡಿ, ಮುಖ ತಿರುಗಿಸಿಕೊಂಡು, ಅಲ್ಲಾಭಕ್ಷನಿಗೆ ಲಾರಿಯನ್ನು ಸಿಂಧನೂರಿಗೇ ತಿರುಗಿಸು ಎಂದರು. ವೀರಭದ್ರಮ್ಮ "ಯಾಕ, ಯಾಕ" ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು. ಕಲ್ಲುಪುಡಿಯ ಮೇಲೆ ಎದುರು ಕುಳಿತ ಇವರಿಗೆ, ಈ ಹೆಂಗಸಿನೊಂದಿಗೆ ತಾವು ಆಡಿದ ಮಾತೆಲ್ಲ ಒಂದೊಂದಾಗಿ ನೆನಪಾಗತೊಡಗಿತು.

ಸಂಗಮ್ಮನ ಮದುವೆಯಾದ ಮರುವರ್ಷ ಮಳೆಗಾಲದಲ್ಲಿ ಸಿಂಧನೂರಿನಲ್ಲಿ ಭೇದಿಯ ರೋಗ ಬಂದಿತ್ತು. ಎಲ್ಲರಿಗೂ ಬಂತು, ಎಲ್ಲರಿಗೂ ಹೋಯಿತು. ಸಂಗಮ್ಮನಿಗೆ ಬಂದದ್ದು ಹೋಗಲಿಲ್ಲ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬಯಲಿಗೆ ಹೋದರೆ ಮಲ ಬೆಳ್ಳಗೆ, ಅದರ ಮೇಲೆ ಎಣ್ಣೆ ತೇಲುತ್ತಿತ್ತು. ಹುಡುಗಿ ಒಣಗುತ್ತ ಹೋದಳು.

ಸೂಗಪ್ಪನ ಮನೆಯೆಂದರೆ ಸಿಂಧನೂರಿನಲ್ಲಿ ತುಪ್ಪದ ಮನೆ. ದನ ಕಟ್ಟುವ ದಂದಕ್ಕಿಯಲ್ಲಿ ಸಾಲು ಎಮ್ಮೆಗಳು, ನೆಲುವಿನ ಮೇಲೆ ಬೆಣ್ಣೆಯ ಗಡಿಗೆಗಳು. ಅಂಥ ಮನೆಯ ಸೊಸೆ ಕಟ್ಟಿಗೆಯಂತಾದರೆ ಓಣಿ ಸುಮ್ಮನಿರುತ್ತದೆಯೇ? ಬಾವಿಯ ಕಟ್ಟೆಯ ಮೇಲೆ ಹೆಂಗಸರು, "ತುಪ್ಪ ಮಾರಿಕೊಳ್ಳಾಕ ಅದ, ಸೊಸಿಗೆ ಹಾಕಾಕ ಇಲ್ಲ," ಎಂದು ವೀರಭದ್ರಮ್ಮನಿಗೆ ಕೇಳುವಂತೆಯೇ ಆಡಿಕೊಂಡರು. ವೀರಭದ್ರಮ್ಮ ಕೆಟ್ಟವಳಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಎಮ್ಮೆ ಕಟ್ಟಿ ಮನೆ ನಡೆಸಿದವಳು. ಆದರೆ ಓಣಿಯ ಬಾಯಿಗೆ ಬಿದ್ದರೆ ತಡೆದುಕೊಳ್ಳುವ ಪೈಕಿಯೂ ಅಲ್ಲ. ಸೊಸೆಯ ತಾಟಿಗೆ ಬಿಸಿ ರೊಟ್ಟಿ ಬೀಳುವ ಮೊದಲೇ ತುಪ್ಪದ ಗಿಂಡಿ ಬಗ್ಗಿಸುವಳು. ಬೇಳೆಯ ಮೇಲೆ ತುಪ್ಪ, ಸಂಗಟಿಯ ನಡುವೆ ಗುಣಿ ಮಾಡಿ ತುಪ್ಪ. ಮಲಗುವಾಗ ಹಾಲಿನಲ್ಲಿ ಬೆಣ್ಣೆ.

ಆ ಮನೆಯ ಆಚಾರ ಬಿಗಿಯಾದದ್ದು. ತಾಟು ಮುಂದೆ ಬಂದ ಮೇಲೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು, ಅದಕ್ಕೆ ತೋರಿಸಿ, ಆಮೇಲೆ ಉಣ್ಣಬೇಕು. ತೋರಿಸಿದ ಮೇಲೆ ಅದು ಊಟವಲ್ಲ, ಪ್ರಸಾದ. ಪ್ರಸಾದದ ಅಗುಳು ಬಿಡುವ ಹಾಗಿಲ್ಲ. ತಾಟು ತೊಳೆದ ನೀರನ್ನೂ ಕುಡಿಯಬೇಕು. ಸಂಗಮ್ಮನಿಗೆ ತುಪ್ಪ ಕಂಡರೆ ಹೊಟ್ಟೆಯೊಳಗೆ ಹಗ್ಗ ಹೊಸೆದಂತಾಗುತ್ತಿತ್ತು. ಆದರೂ ಲಿಂಗಕ್ಕೆ ತೋರಿಸಿದ್ದನ್ನು ಬಿಡಲು ಅವಳಿಂದಾಗಲಿಲ್ಲ. ಉಂಡಳು. ಉಂಡಷ್ಟೂ ಭೇದಿ. ಭೇದಿಯಾದಷ್ಟೂ ಸೊರಗಿದಳು. ಸೊರಗಿದಷ್ಟೂ ಅತ್ತೆ ಇನ್ನೊಂದು ಗಿಂಡಿ ಬಗ್ಗಿಸಿದಳು.

ಅಮರಗುಂಡಪ್ಪನವರು ಒಂದು ಸಲ ನೋಡಲು ಹೋದವರು, ಅವಳ ಕೈಬಳೆಗಳು ಮೊಣಕೈವರೆಗೆ ಜಾರುವುದನ್ನು ಕಂಡು, ಮರುದಿನವೇ ಗಂಡ ಹೆಂಡಿರಿಬ್ಬರನ್ನೂ ಲಿಂಗಸೂಗೂರಿಗೆ ಕರೆದುಕೊಂಡು ಹೋದರು. ಅಲ್ಲಿ ಗೌಸ್‌ಸಾಬ್ ಎಂಬ ಡಾಕ್ಟರಿದ್ದರು. ಹೈದರಾಬಾದಿನಲ್ಲಿ ಓದಿ ಬಂದವರು. ಮಾತು ಕಡಿಮೆ, ಹಾಸ್ಯ ಒಣದು. ಅವರು ಎಲ್ಲವನ್ನೂ ಕೇಳಿ, "ಇವತ್ತು ಇಲ್ಲೇ ಇರ್ರಿ. ನಾಳೆ ಬೆಳಿಗ್ಗೆ ಗಂಡಗೂ ಹೆಂಡತಿಗೂ ಒಂದೇ ಸಮ ತುಪ್ಪ ರೊಟ್ಟಿ ತಿನ್ನಿಸ್ರಿ. ಆಮೇಲೆ ನನ್ನ ಕಡೆ ಬರ್ರಿ," ಎಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಇಬ್ಬರ ತೋಳಿನಿಂದಲೂ ರಕ್ತ ತೆಗೆದು, ಎರಡು ಗಾಜಿನ ನಳಿಗೆಗಳಲ್ಲಿ ಹಾಕಿ, ಕಿಟಕಿಯಲ್ಲಿ ನಿಲ್ಲಿಸಿದರು. ಸಂಜೆಗೆ ರಕ್ತ ಗಟ್ಟಿಯಾಗಿ ಕೆಳಗೆ ಕುಳಿತು, ಮೇಲೆ ನೀರು ನಿಂತಿತ್ತು. ಸಂಗಮ್ಮನ ರಕ್ತ ಗಟ್ಟಿಯಾಗಲು ಸೂಗಪ್ಪನದಕ್ಕಿಂತ ಬಹಳ ಹೊತ್ತು ಹಿಡಿಯಿತು. ಡಾಕ್ಟರು ಅದನ್ನು ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದರು. ಸೂಗಪ್ಪನ ನಳಿಗೆಯ ಮೇಲಿನ ನೀರು ಮಜ್ಜಿಗೆಯ ತಿಳಿಯಂತೆ ಬೆಳ್ಳಗಿತ್ತು. ಸಂಗಮ್ಮನದು ಸೋಸಿದ ನೀರಿನ ಹಾಗೆ, ತುಸು ಹಳದಿ, ಆಚೆಗಿನ ಗೋಡೆ ಕಾಣುವಷ್ಟು ತಿಳಿ.

"ನೋಡ್ರಿ," ಎಂದರು ಗೌಸ್‌ಸಾಬ್. "ಇವ ತಿಂದ ತುಪ್ಪ ಕರುಳಿನಿಂದ ರಕ್ತಕ್ಕ ಬಂದದ. ಬೆಳ್ಳಗ ಕಾಣೂದು ಅದೇ. ಈಕೀದು ಬಂದಿಲ್ಲ. ಈಕೀ ಕರುಳು ಕೊಬ್ಬನ್ನ ಹೀರಂಗಿಲ್ಲ. ಹೊಟ್ಟಿ ತುಂಬ ಸುರೀರಿ, ಹಂಗೇ ಹೊರಗ ಹೋಗ್ತದ. ಹೋಗೂವಾಗ ಒಳ್ಳೇದನ್ನೂ ತೊಳಕೊಂಡು ಹೋಗ್ತದ. ತುಪ್ಪ ಬಂದ್, ಎಣ್ಣಿ ಬಂದ್."

ಅಮರಗುಂಡಪ್ಪನವರು ಎಣ್ಣೆ ತೆಗೆದು ಮಾರುವವರು. ಮಸ್ಕಿಯಲ್ಲಿ ಅವರ ಎರಡು ಗಾಣ ತಿರುಗುತ್ತಿದ್ದವು. ಅವರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. "ಸಾಹೇಬ್ರ, ಕೊಬ್ಬಿಲ್ದ ಮನುಷ್ಯ ಹೆಂಗ ಬದುಕತಾನ? ಕಾಳು ಹಾಕದ ಗಾಣ ತಿರುವಿದ್ರ ಎಣ್ಣಿ ಬರ್ತದೇನು?"

ಡಾಕ್ಟರು ನಕ್ಕರು. "ಸೂಗಪ್ಪ, ನಿಮ್ಮ ಮನ್ಯಾಗ ಎಮ್ಮಿ ಅವೇನಪ?"

"ಅವರಿ."

"ಏನ್ ತಿಂತಾವ?"

"ಕಣಿಕಿ, ಹೊಟ್ಟು, ಹುಲ್ಲು."

"ತುಪ್ಪ ತಿಂತಾವೇನು?"

"ಎಮ್ಮಿ ಯಾಕ್ರಿ ತುಪ್ಪ ತಿಂತದ?"

"ಮತ್ತ ಬೆಣ್ಣಿ ಎಲ್ಲಿಂದ ಬಂತೋ?"

ಸೂಗಪ್ಪ ಮಾವನ ಮುಖ ನೋಡಿದ. ಮಾವ ನೆಲ ನೋಡಿದರು.

"ನಮ್ಮ ಮೈ ಜೋಳದಿಂದ ಕೊಬ್ಬು ಮಾಡ್ಕೋತದ," ಎಂದರು ಡಾಕ್ಟರು. "ಜಿಗರ್ ಅಂತೀವಲ್ಲ, ಯಕೃತ್ತು, ಅದು ಮಾಡಿ ರಕ್ತಕ್ಕ ಬಿಡ್ತದ. ಹೊರಗಿಂದ ಬರೂದು ನಿಂತ್ರ ಇದು ಒಳಗ ಹೆಚ್ಚಿಗಿ ದುಡೀತದ. ಅದರ ಪಿತ್ತನೂ ಈಕೀ ಹೊಟ್ಟ್ಯಾಗ ತಿರುಗಿ ಬರದಂಗ ಹರಕೊಂಡು ಹೋಗಾಕತ್ತದ. ಹೊಸ ಪಿತ್ತ ಮಾಡಾಕ ರಕ್ತದಾಗಿನ ಕೊಬ್ಬೇ ಬೇಕು. ಅದಕ್ಕ ರಕ್ತದಾಗ ಕೊಬ್ಬು ಕಡಿಮಿನೇ ಇರ್ತದ. ಆದ್ರೂ ಪೂರಾ ಆರಂಗಿಲ್ಲ. ಅಲ್ಲಾಹ್ ಹಂಗ ಮಾಡ್ಯಾನ. ಜೋಳದ ಗಂಜಿ, ಬೇಳಿ, ಕೆನಿ ತೆಗೆದ ಮಜ್ಜಿಗಿ ಕೊಡ್ರಿ. ಅದು ತನ್ನ ಕೆಲಸ ತಾ ಮಾಡ್ತದ."

ಅಮರಗುಂಡಪ್ಪನವರಿಗೆ ಮೈ ಜುಮ್ಮೆಂದಿತು. ಶಿವ ಮನುಷ್ಯನ ಒಡಲಲ್ಲಿ ಹೀಗೊಂದು ಏರ್ಪಾಡು ಮಾಡಿಟ್ಟಿದ್ದಾನೆ, ಬೇಡದೆ ಕೊಡುವವನು ಅವನೊಬ್ಬನೇ ಎಂದುಕೊಂಡರು. ಆ ಸಂತೋಷದಲ್ಲಿ ಡಾಕ್ಟರು ಆಮೇಲೆ ಹೇಳಿದ್ದನ್ನೂ ಕೇಳಿಸಿಕೊಂಡರು, ಮರೆಯಲಿಲ್ಲ. ಆದರೆ ಸಂತೋಷದ ಮಾತು ದೊಡ್ಡದಾಗಿ ಕೇಳಿಸಿತು, ಉಳಿದದ್ದು ಸಣ್ಣಗೆ ಕೇಳಿಸಿತು. ಡಾಕ್ಟರು ಹೇಳಿದ್ದು ಇಷ್ಟು: ಕೊಬ್ಬಿನ ಬೆನ್ನು ಹತ್ತಿಯೇ ಒಳಗೆ ಹೋಗುವ ಕೆಲವು ಸತ್ವಗಳಿವೆ. ಅವನ್ನು ಯಕೃತ್ತು ಮಾಡಿಕೊಳ್ಳಲಾರದು. ರಕ್ತವನ್ನು ಹೆಪ್ಪುಗಟ್ಟಿಸುವ ಸತ್ವ ಅಂಥದ್ದು. ಅದಕ್ಕಾಗಿ ತಿಂಗಳಿಗೊಮ್ಮೆ ಸೂಜಿ. "ತುಪ್ಪ ಬಿಟ್ರ ನಡೀತದ, ಸೂಜಿ ಬಿಟ್ರ ನಡ್ಯಂಗಿಲ್ಲ," ಎಂದು ಬೆರಳೆತ್ತಿ ಹೇಳಿ, ಮೊದಲನೆಯದನ್ನು ಅವತ್ತೇ ಹಾಕಿದರು.

ಸಿಂಧನೂರಿಗೆ ಬಂದು ತುಪ್ಪ ನಿಲ್ಲಿಸಿರೆಂದರೆ ವೀರಭದ್ರಮ್ಮ ಕೆಂಡವಾದಳು.

"ಬೀಗ್ರ, ನನ್ನ ಮನ್ಯಾಗ ಸೊಸಿಗೆ ಒಣ ರೊಟ್ಟಿ ಹಾಕಬೇಕೇನು? ಓಣ್ಯಾಗ ನಾ ಹೆಂಗ ತಿರಗ್ಯಾಡಲಿ?"

"ಓಣಿ ಮಾತು ಓಣಿಗಿರಲಿ ಅಕ್ಕಾರ. ಹುಡುಗಿ ಉಳೀಬೇಕೋ ಬ್ಯಾಡೋ?"

"ತುಪ್ಪ ತಿಂದು ಸತ್ತವರನ್ನ ನಾ ನೋಡಿಲ್ಲ. ತುಪ್ಪಿಲ್ದ ಸತ್ತವರನ್ನ ನೋಡೀನಿ."

"ನಿಮ್ಮ ಎಮ್ಮಿ ತುಪ್ಪ ತಿಂತದೇನ್ರಿ?"

ವೀರಭದ್ರಮ್ಮ ಬೆಣ್ಣೆ ಕಡೆಯುತ್ತಿದ್ದವಳು ಕಡಗೋಲು ನಿಲ್ಲಿಸಿದಳು. ತನ್ನನ್ನು ಹಾಸ್ಯ ಮಾಡುತ್ತಿದ್ದಾರೆಂದು ತಿಳಿದಳು. ಅಮರಗುಂಡಪ್ಪನವರು ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ತಿಳಿಯುವ ಹಾಗೆ ಹೇಳಿದರು. ಹೇಳುವಾಗ ತಮ್ಮದನ್ನೂ ಸೇರಿಸಿದರು. ಒಡಲೊಳಗೇ ಗಾಣ ಇದೆ, ಅದನ್ನು ತಿರುಗಿಸುವವನು ಶಿವ, ಅದು ತನಗೆ ಬೇಕಾದದ್ದನ್ನೆಲ್ಲ ತಾನೇ ತೆಗೆದುಕೊಳ್ಳುತ್ತದೆ ಎಂದರು. "ಎಲ್ಲ" ಎಂಬ ಮಾತು ಅವರ ಬಾಯಿಂದ ಬಂದದ್ದೇ. ಗೆಲ್ಲಬೇಕೆಂಬ ಆತುರದಲ್ಲಿ ಬಂದದ್ದು.

ವೀರಭದ್ರಮ್ಮ ಎಮ್ಮೆಗಳ ಕಡೆ ನೋಡಿದಳು. ಕೊನೆಗೆ, "ಇಷ್ಟು ದಿನ ಹಿಂಡಾಕತ್ತೀನಿ, ಇದು ನನಗ ಹೊಳೀಲಿಲ್ಲ ನೋಡ್ರಿ," ಎಂದು ನಕ್ಕುಬಿಟ್ಟಳು.

ಆದರೂ ಕೈ ಸುಮ್ಮನಿರಬೇಕಲ್ಲ. ಎರಡು ದಿನ ಬಿಟ್ಟರೆ ಮೂರನೆಯ ದಿನ ಅಭ್ಯಾಸಬಲದಿಂದ ಗಿಂಡಿ ಬಗ್ಗುತ್ತಿತ್ತು. ಅಮರಗುಂಡಪ್ಪನವರು ಮತ್ತೆ ಸಿಂಧನೂರಿಗೆ ಹೋಗಿ, ಮನೆಯ ಗುರುಗಳಾದ ಮಠದ ಅಯ್ಯನವರನ್ನು ಕರೆತಂದು ಕೂಡಿಸಿದರು. ಅಯ್ಯನವರು ಯೋಚಿಸಿ ಹೇಳಿದರು: "ಲಿಂಗಕ್ಕೆ ತೋರಿಸಿದ್ದನ್ನು ಬಿಡುವ ಹಾಗಿಲ್ಲ, ಅದು ನಿಜ. ಬೇಡವಾದದ್ದನ್ನು ತೋರಿಸಲೇಬೇಕೆಂದು ಯಾರು ಹೇಳ್ಯಾರ? ಬಡಿಸುವಾಗಲೇ ಕೈ ಅಡ್ಡ ಹಿಡಿ ತಂಗಿ. ಹಿರೇರ ಗಿಂಡಿಗೆ ಕೈ ಅಡ್ಡ ಹಿಡಿದ್ರ ತಪ್ಪಲ್ಲ. ನಾ ಹೇಳೀನಿ."

ಅಂದಿನಿಂದ ಸಂಗಮ್ಮ ತಾಟಿನ ಮೇಲೆ ಅಂಗೈ ಹಿಡಿದು ಕೂಡುವಳು. ಅತ್ತೆ, "ತಗೀಯವ್ವ ನಿನ್ನ ಕೈ, ತುಪ್ಪಲ್ಲ, ಬೇಳಿ," ಎಂದು ರೇಗಿಸುವಳು.

ಭೇದಿ ತಗ್ಗಿತು. ಬೇಸಿಗೆ ಬರುವ ಹೊತ್ತಿಗೆ ಬಳೆಗಳು ಮುಂಗೈಯಲ್ಲಿ ನಿಂತವು. ಕೆನ್ನೆ ತುಂಬಿತು. ಬೇಸಿಗೆ ಮುಗಿಯುವ ತನಕ ತಿಂಗಳು ತಿಂಗಳೂ ಸೂಜಿಯೂ ಆಯಿತು. ಗೌಸ್‌ಸಾಬ್ ಮತ್ತೊಮ್ಮೆ ರಕ್ತ ತೆಗೆದು ಹೈದರಾಬಾದಿಗೆ ಕಳಿಸಿ ಅಳೆಯಿಸಿದರು. ತುಪ್ಪದ ಹನಿ ತಿನ್ನದೆಯೂ ಅವಳ ರಕ್ತದಲ್ಲಿ ಇರಬೇಕಾದ ಕೊಬ್ಬು ಇತ್ತು. ಬೇರೆಯವರಿಗಿಂತ ಕಡಿಮೆ, ಆದರೆ ಕುಸಿದಿರಲಿಲ್ಲ. "ಜಿಗರ್ ನಮಗಿಂತ ಹುಷಾರ್ ಅದ," ಎಂದರು. ಅಮರಗುಂಡಪ್ಪನವರು ಆ ಮಾತನ್ನು ಮಸ್ಕಿಯಲ್ಲಿಯೂ ಸಿಂಧನೂರಿನಲ್ಲಿಯೂ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅಲ್ಲಿಂದ ಮುಂದೆ ಎಲ್ಲವೂ ಎಡವಟ್ಟಾಯಿತು.

ಮಳೆಗಾಲದ ಮೊದಲ ತಿಂಗಳು ಹಳ್ಳ ಬಂದು ಮೋಟಾರು ನಿಂತಿತು. ಸೂಜಿ ತಪ್ಪಿತು. ಮುಂದಿನ ತಿಂಗಳು ಬಿತ್ತಿಗೆ. ಸೂಗಪ್ಪ, "ಇನ್ನೊಂದು ವಾರ ತಡೀರಿ ಮಾವಾರ," ಎಂದ. ವಾರ ಕಳೆದು ಹೋದರೆ ಒಂದು ಎಮ್ಮೆ ಈಯುವುದರಲ್ಲಿತ್ತು. ಅದರ ಮುಂದಿನ ಸಲ ಹೋದಾಗ ಸಂಗಮ್ಮ ಹಿತ್ತಿಲಲ್ಲಿ ಹಲ್ಲುಜ್ಜುತ್ತ ಉಗುಳಿದ್ದು ಕೆಂಪಾಗಿತ್ತು. ಮುಂಗೈಯಲ್ಲಿ ನೀಲಿಯ ಮಚ್ಚೆ.

"ಇದೇನವ್ವ?"

"ಬೀಸೂಕಲ್ಲಿಗೆ ಬಡೀತು ಮಾವಾ."

"ಬಡಿದ್ರ ಇಷ್ಟಗಲ ಆಗ್ತದೇನು? ನಡಿ, ಇವತ್ತೇ ಹೋಗೂನು."

ಸಂಗಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾ ನೆಟ್ಟಗಿದ್ದೀನಿ ಮಾವಾ. ಅತ್ತಿ ಈಗ ನನ್ನ ಮ್ಯಾಲ ಜೀವ ಇಟ್ಟಾರ. ಸೂಜಿ ಸಲುವಾಗಿ ಮತ್ತ ಜಗಳ ತಗೀಬ್ಯಾಡ್ರಿ."

ಜಗಳ ತೆಗೆಯದೆ ಹೇಗಿರುವುದು? ಅವರು ಒಳಗೆ ಹೋಗಿ ಬೀಗತಿಯ ಮುಂದೆ ನಿಂತರು. ವೀರಭದ್ರಮ್ಮ ಮುಖ ಅರಳಿಸಿಕೊಂಡೇ ಮಾತಾಡಿದಳು.

"ಬೀಗ್ರ, ತುಪ್ಪ ಬ್ಯಾಡಂದ್ರಿ, ಬಿಟ್ವಿ. ಹುಡುಗಿ ಮೈ ಕೈ ತುಂಬಿಕೊಂಡು ಕುಂತಾಳ. ಇನ್ನ ಸೂಜಿ ಯಾಕ್ರಿ?"

"ಡಾಕ್ಟರ್ ಹೇಳ್ಯಾರ ಅಕ್ಕಾರ. ರಕ್ತ ಗಟ್ಟಿಯಾಗೂ ಸತ್ವ ಅದು. ಮೈ ಅದನ್ನ ಮಾಡ್ಕೋಳ್ಳಂಗಿಲ್ಲ."

"ಬೇಕಾದ್ದೆಲ್ಲ ಒಡಲೊಳಗ ಶಿವ ತಗೀತಾನ ಅಂತ ಹೇಳಿದವರು ಯಾರು? ನೀವೋ ನಾನೋ?"

"ಅದು ಕೊಬ್ಬಿನ ಮಾತು."

"ಎಮ್ಮಿಗೆ ಯಾರ ಸೂಜಿ ಹಾಕತಾರ್ರಿ?"

ದಂದಕ್ಕಿಯಲ್ಲಿದ್ದ ಆಳು ಸಹಿತ ನಕ್ಕ. ಸೂಗಪ್ಪನೂ ಮುಖ ಆ ಕಡೆ ಮಾಡಿಕೊಂಡು ನಕ್ಕ. ಅಮರಗುಂಡಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಕೊಬ್ಬು ಬೇರೆ, ಕೊಬ್ಬಿನ ಬೆನ್ನು ಹತ್ತಿ ಬರುವುದು ಬೇರೆ ಎಂದು ಹೇಳಹೋದರು. ಡಾಕ್ಟರು ಹೇಳಿದಾಗ ಸರಳವಾಗಿ ಕೇಳಿಸಿದ್ದು ಇವರ ಬಾಯಲ್ಲಿ ಕಗ್ಗವಾಯಿತು. ಎಮ್ಮೆ ಹಸಿರು ಮೇಯುತ್ತದೆ, ಅದರ ಕರುಳು ನೆಟ್ಟಗಿದೆ, ಇವಳ ಕರುಳು ನೆಟ್ಟಗಿಲ್ಲ ಎಂದರು. "ನಮ್ಮ ಸೊಸಿ ಕರುಳು ಎಮ್ಮಿ ಕರುಳಿಗಿಂತ ಕಡಿಮಿ ಅಂತೀರೇನು?" ಎಂದು ಬೀಗತಿ ಮುಖ ಊದಿಸಿದಳು. ಎಮ್ಮೆಯ ಮಾತು ಎಷ್ಟು ಚೆನ್ನಾಗಿ ಹೊಕ್ಕಿತ್ತೆಂದರೆ ಅದರ ಪಕ್ಕದಲ್ಲಿ ಇನ್ನೊಂದು ಮಾತಿಗೆ ಜಾಗವೇ ಇರಲಿಲ್ಲ. ಅವರು ಊಟ ಮಾಡದೆ ಎದ್ದು ಬಂದರು. ಮಸ್ಕಿಗೆ ಬಂದ ಮೇಲೆ, ಅಯ್ಯನವರನ್ನು ಮತ್ತೆ ಕರೆಸಲೇ, ಡಾಕ್ಟರನ್ನೇ ಕೈಮುಗಿದು ಸಿಂಧನೂರಿಗೆ ಕರೆದುಕೊಂಡು ಹೋಗಲೇ, ಸೂಗಪ್ಪನ ಕೊರಳಪಟ್ಟಿ ಹಿಡಿಯಲೇ ಎಂದು ತಮ್ಮೊಳಗೇ ಕುದಿದರು. ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದರು. ಅವರು ತಿರುಗಿ ಬಂದ ಸುದ್ದಿ ತಿಳಿದ ಮರುದಿನವೇ ಬುತ್ತಿ ಕಟ್ಟಿಸಿಕೊಂಡು ದಾರಿಗೆ ಬಂದು ನಿಂತದ್ದು.

ಆ ನಡುವೆ ಸಿಂಧನೂರಿನಲ್ಲಿ ವೀರಭದ್ರಮ್ಮ ತನ್ನ ಹಳೆಯ ಸರ ಕರಗಿಸಿ ಸೊಸೆಗೆ ಬುಗುಡಿ ಮಾಡಿಸಿದ್ದಳು. ಕಿವಿಯ ಮೇಲಂಚಿಗೆ ಹಾಕುವ ಒಡವೆ. ಮುಖ ಬಡಕಲಾಗಿದ್ದಾಗ ಒಪ್ಪದೆ ಇದ್ದದ್ದು ಈಗ ಒಪ್ಪುತ್ತದೆಂದು ಅವಳ ಆಸೆ. ಅಕ್ಕಸಾಲಿಗನನ್ನು ಮನೆಗೇ ಕರೆಸಿ, ಅರಿಸಿನ ಹಚ್ಚಿ, ಬಾವಿಯ ಕಟ್ಟೆಯ ಹೆಂಗಸರನ್ನೆಲ್ಲ ಕರೆದು, ಚುಚ್ಚಿಸಿದಳು. ಎಲ್ಲರಿಗೂ ನಿಲ್ಲುವ ರಕ್ತ ನಿಲ್ಲಲಿಲ್ಲ. ಸುಣ್ಣ ಒತ್ತಿದರು, ಅರಿಸಿನ ಮೆತ್ತಿದರು, ಜೇಡರ ಬಲೆ ಹಚ್ಚಿದರು. ರಕ್ತ ಹನಿಯುತ್ತಲೇ ಇತ್ತು, ಸಣ್ಣಗೆ, ಯಾರಿಗೂ ಭಯವಾಗದಷ್ಟು ಸಣ್ಣಗೆ.

ಲಾರಿ ಸಿಂಧನೂರು ಸೇರಿದಾಗ ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಅಯ್ಯನವರು ಬಂದರು. ಸಂಗಮ್ಮನ ಮೈ ತೊಳೆಸಿ, ವಿಭೂತಿ ಹಚ್ಚಿ, ಕೂಡಿಸಿದರು. ಹೊತ್ತು ಮುಳುಗುವ ಮೊದಲೇ ಸೂಗಪ್ಪನ ಹೊಲದಲ್ಲಿ ಸಮಾಧಿಯಾಯಿತು. ಎಡಗೈಯಲ್ಲಿ ಲಿಂಗವಿಟ್ಟು ಗುಣಿಯಲ್ಲಿ ಕೂಡಿಸುವಾಗ ಆ ಕೈಯ ನೀಲಿ ಮಚ್ಚೆಗಳು ಕಂಡವು. ಮೊದಲ ಹಿಡಿ ಮಣ್ಣು ಹಾಕಬೇಕಾದ ಸೂಗಪ್ಪ ಮಣ್ಣು ಹಿಡಿದು ನಿಂತೇ ಇದ್ದ. ಅಮರಗುಂಡಪ್ಪನವರು ಅವನ ಮಣಿಕಟ್ಟು ಹಿಡಿದು ಹಾಕಿಸಬೇಕಾಯಿತು.

ಮಣ್ಣು ಮುಚ್ಚಿ ಮನೆಗೆ ಬಂದರು. ದಾರಿಯುದ್ದಕ್ಕೂ ಅವರು ಬೀಗತಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಸಾಣೆ ಹಿಡಿಯುತ್ತಿದ್ದರು. ನಿಮ್ಮ ಹಟ ನನ್ನ ಕೂಸನ್ನು ತಿಂದಿತು ಎನ್ನಬೇಕು. ಮೊದಲು ತುಪ್ಪದಿಂದ ಕೊಲ್ಲಹೋದಿರಿ, ಆಮೇಲೆ ಬಂಗಾರದಿಂದ ಕೊಂದಿರಿ ಎನ್ನಬೇಕು. ಇವತ್ತು ಇಡೀ ಓಣಿ ಕೇಳಬೇಕು.

ವೀರಭದ್ರಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಸೀರೆ ಬದಲಿಸಿರಲಿಲ್ಲ. ದಂದಕ್ಕಿಯಲ್ಲಿ ಎಮ್ಮೆಗಳು ಹಿಂಡುವ ಹೊತ್ತು ಮೀರಿತೆಂದು ಕೂಗುತ್ತಿದ್ದವು. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಬೀಗ್ರ," ಎಂದು ಅವಳೇ ಮೊದಲು ಕರೆದಳು. "ಒಂದು ಕೇಳ್ತೀನಿ, ಸಿಟ್ಟಾಗದ ಹೇಳ್ರಿ. ಸೂಜಿ ಹಾಕಿಸಿದ್ರ ರಕ್ತ ನಿಲ್ಲತಿತ್ತೇನು?"

ಹರಿತ ಮಾಡಿದ ಮಾತೆಲ್ಲ ಬಾಯಿಯ ತುದಿಯಲ್ಲಿತ್ತು. ನಿಲ್ಲುತ್ತಿತ್ತು ಎಂದರೆ ಸಾಕು, ಈ ಹೆಂಗಸು ಇನ್ನು ಬದುಕಿರುವತನಕ ಏಳಲಾರಳು. ಅದನ್ನೇ ತಾನೆ ಅವರು ಬಯಸಿ ಬಂದದ್ದು?

"ನಿಲ್ಲತಿತ್ತು," ಎಂದರು.

ಅವಳು ತಲೆಯಾಡಿಸಿದಳು. "ನೀವು ಹೇಳಿದ್ರಿ. ನಾ ಕೇಳಲಿಲ್ಲ. ಎಮ್ಮಿ ಮಾತು ಭಾಳ ಚಲೋ ಅನಿಸಿತ್ತು ನನಗ. ಓಣಿ ಮಂದಿಗೆಲ್ಲ ಹೇಳಿದ್ದೆ, ನಮ್ಮ ಬೀಗ್ರು ಎಷ್ಟು ಶ್ಯಾಣ್ಯಾರಂತ. ಅದನ್ನ ಹಿಡಕೊಂಡು ಕುಂತುಬಿಟ್ಟೆ."

ಅಮರಗುಂಡಪ್ಪನವರು ಕಂಬದ ಇನ್ನೊಂದು ಮಗ್ಗುಲಿಗೆ ಕುಳಿತರು. ಸಿಟ್ಟು ಹೋಗಿರಲಿಲ್ಲ. ಎಲ್ಲಿಗೆ ಎಸೆಯುವುದೆಂದು ತಿಳಿಯದ ಕಲ್ಲಿನಂತೆ ಅದು ಕೈಯಲ್ಲಿಯೇ ಉಳಿಯಿತು. ಈ ಹೆಂಗಸಿನ ಮೇಲೆ ಎಸೆದರೆ ಅರ್ಧ ತಮಗೇ ಬಂದು ಬೀಳುತ್ತದೆ. ಹಳ್ಳದ ಮೇಲೆ, ಬಿತ್ತಿಗೆಯ ಮೇಲೆ, ರಜೆಯ ಮೇಲೆ ಎಸೆಯಲು ಬರುವುದಿಲ್ಲ. ಇನ್ನು ಉಳಿದವನು ಅವನೊಬ್ಬನೇ. ಕೊಬ್ಬು ತಪ್ಪಿದರೆ ಒಡಲಿಗೆ ಇನ್ನೊಂದು ದಾರಿ ಮಾಡಿಟ್ಟವನು, ರಕ್ತ ಹೆಪ್ಪುಗಟ್ಟುವ ಒಂದು ಹನಿ ಸತ್ವಕ್ಕೆ ಯಾಕೆ ದಾರಿ ಮಾಡಿಡಲಿಲ್ಲ? ಅಷ್ಟು ಮಾಡಿದವನಿಗೆ ಇಷ್ಟು ಮಾಡುವುದು ಭಾರವಾಗಿತ್ತೆ? ಗುಡ್ಡ ಹತ್ತಿ, ಗಂಟೆ ಹಿಡಿದು ಜಗ್ಗಿ, ಎದುರು ನಿಂತು ಇದನ್ನು ಕೇಳಬೇಕೆನಿಸಿತು.

"ಎಮ್ಮಿ ಕೂಗಾಕತ್ತಾವ ಅಕ್ಕಾರ," ಎಂದರು.

"ಕೂಗಲಿ."

"ಅವುಗಳ ಕೆಚ್ಚಲು ಬಿಗೀತದ. ಅವೇನು ಮಾಡ್ಯಾವ ಪಾಪ. ಏಳ್ರಿ."

ವೀರಭದ್ರಮ್ಮ ಏಳಲಿಲ್ಲ. ಅವರು ಸೂಗಪ್ಪನನ್ನು ಕರೆದು ಹಿಂಡಲು ಹಚ್ಚಿ, ತಾವು ಬಾವಿಗೆ ಹೋಗಿ ಸ್ನಾನ ಮಾಡಿ ಬಂದರು. ದೇವರ ಕೋಣೆಯಲ್ಲಿ ಮಣೆ ಹಾಕಿಕೊಂಡು ಕುಳಿತು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರು. ಜಗಳಕ್ಕೆಂದೇ ಕುಳಿತಿದ್ದರು. ಬಹಳ ಹೊತ್ತು ಲಿಂಗವನ್ನು ಒಂದೇ ಸಮನೆ ನೋಡಿದರು. ಕೇಳಬೇಕೆಂದುಕೊಂಡದ್ದು ಕರಗಿ ಕಣ್ಣಿನಿಂದ ಇಳಿಯಿತು. ಹಿಂದೆ ಹೊಸ್ತಿಲಲ್ಲಿ ಸೀರೆಯ ಸಪ್ಪಳವಾಯಿತು. ವೀರಭದ್ರಮ್ಮ ಬಂದು ಅಲ್ಲಿಯೇ ನೆಲಕ್ಕೆ ಕುಳಿತಳು. ಅವರು ತಿರುಗಿ ನೋಡಲಿಲ್ಲ. ಅವಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು:

"ಮಲ್ಲಯ್ಯಾ, ನಿನ್ನ ಲೆಕ್ಕ ನನಗೆ ತಿಳಿಯಲಿಲ್ಲ. ತಿಳಿಸು ಎಂದೂ ಈಗ ಕೇಳುವುದಿಲ್ಲ. ತಾಯಿಯಿಲ್ಲದ ಕೂಸು ಅದು. ಯಾರ ಮನಸ್ಸನ್ನೂ ನೋಯಿಸಬಾರದೆಂದು ತನ್ನ ನೋವನ್ನು ನುಂಗಿಕೊಂಡು ಬದುಕಿತು. ನಮ್ಮ ಅರಿವುಗೇಡಿತನವನ್ನು ಅವಳ ಲೆಕ್ಕಕ್ಕೆ ಹಿಡಿಯಬೇಡ. ಇನ್ನು ಅವಳಿಗೆ ಹಸಿವಿಲ್ಲದಿರಲಿ, ನೋವಿಲ್ಲದಿರಲಿ, ಯಾರಿಗೂ ಅಂಜಿ ಸುಮ್ಮನಿರುವ ಕಷ್ಟವಿಲ್ಲದಿರಲಿ. ನಮ್ಮ ಸಂಗವ್ವನನ್ನು ನಿನ್ನ ಪಾದದ ತಂಪಿನಲ್ಲಿ ಇಟ್ಟುಕೋ ತಂದೆ. ಅವಳ ಜೀವಕ್ಕೆ ಶಾಂತಿ ಕೊಡು."